ಕಂಬಿ ಸಂದಿಯಲ್ಲಿ ಒಂದು ಪಾದ

ನನ್ನ ತಮ್ಮ ಫರ್ಮಿನ್‌ಗೆ ಬುದ್ಧಿಮಾತು ಕೇಳುವ ಕಿವಿಯೇ ಇಲ್ಲ. ಮೂರು ವರ್ಷದ ಹಿಂದೆ ಅಮೆರಿಕದವರು ಕಾಗದಪತ್ರ ಇಲ್ಲ ಅಂತ ಅವನನ್ನು ಎರಡನೇ ಸಲ ಹಿಡಿದು, ಎರಡು ತಿಂಗಳು ಒಳಗಿಟ್ಟು, ಇತ್ತ ಮೆಕ್ಸಿಕೊದ ನಮ್ಮ ಗಡಿಯೂರು ಅಗ್ವಾ ಪ್ರಿಯೆತಾಗೆ ದಬ್ಬಿದರು. ಹೆಂಡತಿ, ಮಗಳು ಯಾರೆತ್ಸಿ ಅತ್ತಲೇ ಉಳಿದರು. ಈಗ ಮಗಳಿಗೆ ಹದಿನೈದು ತುಂಬಿತು. ನಮ್ಮಲ್ಲಿ ಹದಿನೈದು ತುಂಬಿದ ಹಬ್ಬಕ್ಕೆ ಹುಡುಗಿಯ ಚಪ್ಪಟೆ ಚಪ್ಪಲಿ ಬಿಚ್ಚಿ ಮೊದಲ ಹೈಹೀಲ್ಸ್ ತೊಡಿಸೋದು ಅಪ್ಪನ ಕೆಲಸ. ಅದಕ್ಕೇ ಈ ಮಹಾಶಯ ಗುರುವಾರ ಗಡಿ ಹಾರ್ತಾನಂತೆ!

“ಲೋ ದಡ್ಡ, ಎರಡು ತಿಂಗಳಲ್ಲಿ ಬಿಡೋ ಕಾಲ ಹೋಯ್ತು. ವಕೀಲರು ಹೇಳಲಿಲ್ವಾ? ಈ ಸಲ ಸಿಕ್ಕರೆ ವರ್ಷಗಟ್ಟಲೆ. ಸಾಲದ್ದಕ್ಕೆ ನಿನ್ನ ಗಡಿ ದಾಟಿಸೋನು ಗ್ಯಾಂಗಿನವನು. ಅವನ ಮಾದಕ ಮಾಲಿನ ಚೀಲ ನಿನ್ನ ಬೆನ್ನಿಗೇರಿದ್ರೆ ಹತ್ತು ವರ್ಷ!”

“ಚೀಲ ಹೊರಲ್ಲ ಅಂತೀನಿ ಅಕ್ಕ.”

“ಹೌದಪ್ಪ, ಬಂದೂಕು ಹಿಡಿದೋನು ‘ಆಗಲಿ ಸಾಹೇಬ್ರೇ’ ಅಂತಾನೆ.”

ಮುಖ ಊದಿಸಿಕೊಂಡು ಕೂತ. ನಾನು ಸುಮ್ಮನಿರೋಳಾ? ಯಾರೆತ್ಸಿಗೆ ಫೋನ್ ಮಾಡಿ ಎಲ್ಲ ಹೇಳಿ, ಆ ಶಾಸ್ತ್ರ ಬೇಲಿ ಹತ್ತಿರವೇ ಮುಗಿಸೋಣ ಅಂದೆ. ಗುರುವಾರಕ್ಕೆ ಮುಂಚಿನ ಭಾನುವಾರ ಅವಳು ತಾಯಿಯ ಜೊತೆ ಗಡಿಬೇಲಿಯ ಆಚೆ ಬಂದು ನಿಂತಳು. ಅಬ್ಬಬ್ಬಾ, ಅದೇನು ಲಂಗ! ನಾಲ್ಕು ಕಂಬಿಗಳ ಅಗಲಕ್ಕೆ ಹರಡಿತ್ತು.

“ಅತ್ತೆ, ನಗಬೇಡಿ,” ಅಂತ ನೆಲದ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಕಂಬಿ ಸಂದಿಯಲ್ಲಿ ಪಾದ ತೂರಿಸಿದಳು.

ಆಚೆ ಜೀಪಿನಲ್ಲಿದ್ದ ಕಾವಲಿನವನು ಕತ್ತು ಚಾಚಿದ. “ಪಾದ ಒಂದೇ ದಾಟಿರೋದು ಸಾಹೇಬ್ರೇ, ಈಗಲೇ ವಾಪಸ್ ಕಳಿಸ್ತೀವಿ,” ಅಂತ ಕೂಗಿದೆ. ಅವನು ನಗು ತಡೆಯೋಕೆ ಅತ್ತ ತಿರುಗಿದ.

ಫರ್ಮಿನ್ ಮೊಣಕಾಲೂರಿ ಬಿಳಿ ಹೈಹೀಲ್ಸ್ ತೊಡಿಸೋಕೆ ಹೋದ. ಬೆರಳುಗಳೇನೋ ಹೋದವು, ಹಿಮ್ಮಡಿ ಪೂರ್ತಿ ಹೊರಗೆ. ಒತ್ತಿದ, ತಿರುಗಿಸಿದ. ಊಹೂಂ.

“ಯಾವ ಅಳತೆ ಹೇಳಿ ತಂದ್ಯೋ?”

“ನಾನು ಬಿಟ್ಟು ಬಂದಾಗ ಇಷ್ಟೇ ಇತ್ತಲ್ಲಕ್ಕ,” ಅಂದ.

“ಇದನ್ನ ಹೊತ್ಕೊಂಡು ಜೈಲಿಗೆ ಹೊರಟಿದ್ಯಲ್ಲೋ!” ಅಂತ ರೇಗಿಸಿದೆ.

ಯಾರೆತ್ಸಿ ಪಾದ ಎಳೆದುಕೊಳ್ಳಲಿಲ್ಲ. “ಅಪ್ಪ, ಹತ್ತು ವರ್ಷ ಬಿಟ್ಟು ನನ್ನ ಮುಖದ ಅಳತೆನೂ ತಪ್ಪಿಬಿಟ್ರೆ?” ಅಂದಳು.

ಅವನು ಎರಡೂ ಕೈಯಲ್ಲಿ ಆ ಪಾದ ಹಿಡಿದುಕೊಂಡು ಅತ್ತುಬಿಟ್ಟ. ಆಮೇಲೆ ಗೇಣು ಹಾಕಿ ಅಳೆದ, ಮತ್ತೊಮ್ಮೆ ಅಳೆದ.

“ಮುಂದಿನ ಭಾನುವಾರವೂ ಬರ್ತೀಯೇನೇ?” ಅಂತ ಮಗಳನ್ನು ಕೇಳಿದ. ಅವಳು ಹೂಂ ಅಂದಮೇಲೆ ನನ್ನ ಕಡೆ ತಿರುಗಿದ. “ಅಕ್ಕ, ಗುರುವಾರ ಆ ದಾಟಿಸೋನು ಕರೆಯೋಕೆ ಬಂದ್ರೆ ನಾನು ಬರಲ್ಲ ಅಂತ ಹೇಳಿಬಿಡು.”