ದಡದ ಮೇಲಿನ ಬಟ್ಟೆ

ಭೀಮವ್ವ ರೊಟ್ಟಿಯ ಬುತ್ತಿಯನ್ನು ಸೊಸೆಯ ಕೈಗೆ ಕೊಟ್ಟಳು. ಆದರೆ ಗಂಟನ್ನು ಕೂಡಲೇ ಬಿಡಲಿಲ್ಲ.

"ಅವ ನೀರಿಗಿಳದ್ರ ಅವನ ಬಟ್ಟಿ ನಿನ್ನ ತೊಡಿ ಮ್ಯಾಲ ಇರ್ಬೇಕು. ನೆಲಕ್ಕ ಇಡಬ್ಯಾಡ, ಮತ್ತೊಬ್ಬರ ಕೈಯಾಗ ಕೊಡಬ್ಯಾಡ. ತಿಳೀತಿಲ್ಲೋ?"

"ತಿಳೀತ್ರಿ ಅತ್ತಿ."

"ನಿನ್ನ ಕಾಲೇಜಿನಾಗ ಇದನ್ನ ಕಲಿಸಿರಂಗಿಲ್ಲ. ನಗಬೇಕಂದ್ರ ನಗು. ಖರೇ, ಬಟ್ಟಿ ಮಾತ್ರ ಬಿಡಬ್ಯಾಡ."

ಭಾರತಿ ನಗಲಿಲ್ಲ. ಶಹಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅವಳು ಮನೆ ಬಿಡುವಾಗ ಗ್ಯಾಸ್ ಬಂದ್ ಮಾಡಿ, ಅಂಗಳದಿಂದ ಮತ್ತೆ ಒಳಗೆ ಹೋಗಿ ಮುಟ್ಟಿ ನೋಡಿ, ಬೀಗ ಜಗ್ಗಿ ನೋಡಿ ಹೊರಡುವವಳು. ಅತ್ತೆಯ ಮಾತಿನ ಹಿಂದೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಹೊಳೆಯಲ್ಲಿ ಬಲೆ ಬೀಸಿ ಬದುಕಿದ ಮನೆತನ ಅದು. ಅವರಲ್ಲಿ ಗಂಡಸು ನೀರಿಗಿಳಿದರೆ ಅವನ ಒಣ ಬಟ್ಟೆಯನ್ನು ಮನೆಯವರೊಬ್ಬರು ತೊಡೆಯ ಮೇಲಿಟ್ಟುಕೊಂಡು ದಡದಲ್ಲಿ ಕೂಡಬೇಕು. ಬಟ್ಟೆ ಒಂಟಿಯಾಗಿ ಬಿದ್ದರೆ, ಹಿಂದೆ ಮುಳುಗಿ ನೀರಿನಡಿ ಬಟ್ಟೆಯಿಲ್ಲದೆ ಕುಳಿತವರು ಎದ್ದು ಬಂದು ತೊಟ್ಟುಕೊಳ್ಳುತ್ತಾರೆ ಎಂದು ನಂಬಿಕೆ. ತೊಟ್ಟವರು ಮನೆಗೆ ಹೋಗುತ್ತಾರೆ. ಬಟ್ಟೆಯ ಒಡೆಯ ಅಲ್ಲೇ ಉಳಿಯುತ್ತಾನೆ.

ಎರಡು ವರ್ಷದ ಹಿಂದೆ ಭೀಮವ್ವನ ಸಣ್ಣ ಮಗ ದೇವು ಕೃಷ್ಣೆಯಲ್ಲಿ ಹೋದ. ಬಂಡೆಗೆ ಸಿಕ್ಕಿಕೊಂಡ ಬಲೆ ಬಿಡಿಸಲೆಂದು ಒಬ್ಬನೇ ಇಳಿದಿದ್ದ. ಅವನ ಅಂಗಿ, ಪ್ಯಾಂಟು, ಚಪ್ಪಲಿ ದಡದ ಮೇಲೆ ಸಿಕ್ಕವು. ದೇವು ಸಿಗಲಿಲ್ಲ. ಅಂದಿನಿಂದ ಅವನ ಅಣ್ಣ, ಭಾರತಿಯ ಗಂಡ ಶಿವಶರಣ, ಹೊಳೆಯ ಕಡೆ ಮುಖ ಹಾಕಿರಲಿಲ್ಲ. ಮನೆಯಲ್ಲೂ ಬೇಕಾದಷ್ಟೇ ಮಾತು. ಅಂಥವನು ಕಾಂತೇಶನ ಟೂರಿನ ಸುದ್ದಿ ಕೇಳಿದ ದಿನವೇ ತನ್ನ ಮತ್ತು ಹೆಂಡತಿಯ ಹೆಸರು ಹೇಳಿ ಬಂದಿದ್ದ.

ಕಾಂತೇಶ ಗೋವಾದಲ್ಲಿ ಪ್ರವಾಸಿಗರನ್ನು ಸಮುದ್ರಕ್ಕಿಳಿಸುವ ಕೆಲಸ ಮಾಡಿ, ಅಲ್ಲಿನ ಹಳೆಯ ಮಾಸ್ಕು, ಉಸಿರಾಡುವ ಕೊಳವೆ, ಲೈಫ್ ಜಾಕೆಟ್ಟುಗಳನ್ನು ಕೊಂಡು ಊರಿಗೆ ಮರಳಿದ ತರುಣ. ಒಂದು ದಿನದ ಟೂರು ಅವನದು. ಬೆಳಿಗ್ಗೆ ಶಹಾಪುರದ ಗುಡ್ಡ ಹತ್ತಿ, ಹಗ್ಗ ಹಿಡಿದು ಬಂಡೆ ಇಳಿಯುವುದು. ಮಧ್ಯಾಹ್ನ ಸುರಪುರದ ಗುಡ್ಡಗಳಲ್ಲಿ ಅಲೆದಾಟ. ಕೊನೆಗೆ ಅದೇ ಹೊಳೆಯ ಮಡುವಿನಲ್ಲಿ ಮಾಸ್ಕು ಹಾಕಿ ತೇಲುತ್ತ ನೀರಿನ ಒಳಗನ್ನು ನೋಡುವುದು. ಶಿವಶರಣನನ್ನು ಹಿಡಿದದ್ದು ಆ ಕೊನೆಯದೇ. "ತಳ ಕಾಣಸ್ತದಂತ," ಎಂದಷ್ಟೇ ಹೆಂಡತಿಗೆ ಹೇಳಿದ್ದ. ತಮ್ಮನನ್ನು ಹುಡುಕಲು ಹೊರಟಿದ್ದಾನೆ ಎಂದು ಅವಳಿಗೆ ಆಗಲೇ ತಿಳಿಯಿತು. ಗಂಡನನ್ನು ಆ ನೀರಿನಿಂದ ಮರಳಿ ಮನೆಗೆ ತರುವುದು, ಅವಳ ಪಾಲಿಗೆ ಟೂರಿನ ದಿನದ ಕೆಲಸ ಅದೊಂದೇ ಆಗಿತ್ತು.

ಸಂಕ್ರಾಂತಿ ಕಳೆದ ಮೊದಲ ಭಾನುವಾರ. ಟೆಂಪೋ ಯಾದಗಿರಿಯಿಂದ ಕೆಲವರನ್ನು ತುಂಬಿಕೊಂಡು ಬಂದು, ಶಹಾಪುರದಲ್ಲಿ ಇವರನ್ನು ಹತ್ತಿಸಿಕೊಂಡಿತು. ಭಾರತಿಯ ಶಾಲೆಯಲ್ಲೇ ಗಣಿತ ಕಲಿಸುವ ಪರಿಮಳಾ ಕಿಟಕಿಯ ಬದಿ ಜಾಗ ಹಿಡಿದಿದ್ದಳು.

"ಬಾರಲೇ ಭಾರತಿ. ಇವತ್ತರ ಆ ಮುಖದ ಗಂಟು ಸಡ್ಲ ಬಿಡು. ಪರೀಕ್ಷಾ ಡ್ಯೂಟಿಗೆ ಹೊಂಟಂಗ ಕುಂತೀದಿ."

"ಡ್ರೈವರ್ ನಿದ್ದಿ ಮಾಡ್ಯಾರೋ ಇಲ್ಲೋ ಕೇಳಿದೇನು?"

ಮುಂದಿನಿಂದ ಡ್ರೈವರ್ ಚಾಂದಪಾಶಾ ನಕ್ಕ. "ಭರಪೂರ ಮಾಡೇನ್ರಿ ಮೇಡಂ, ಫಿಕರ್ ಮಾಡಬ್ಯಾಡ್ರಿ. ಹೆಂಡ್ತಿ ತವರಿಗೆ ಹೋಗ್ಯಾಳ."

ಟೆಂಪೋ ತುಂಬ ನಗೆ. ಶಿವಶರಣ ಮಾತ್ರ ಹೊರಗೆ ನೋಡುತ್ತಿದ್ದ. ಬೆಳಗಿನ ಮಂಜು ಗದ್ದೆಗಳ ಮೇಲೆ ಹಾಸಿಕೊಂಡು, ಅದರ ನಡುವೆ ಗುಡ್ಡದ ಹಣೆ, ಮೂಗು, ಎದೆ ಮಾತ್ರ ಎದ್ದಿದ್ದವು. ದಿನವೂ ಕಣ್ಣಿಗೆ ಬೀಳುವ, ಮಲಗಿದ ಬುದ್ಧನಂತೆ ಕಾಣುವ ಗುಡ್ಡವೇ.

"ನೀರಾಗ ಅಂಗಾತ ಮಲಗಿದಂಗ ಅದ," ಎಂದ ಶಿವಶರಣ. ಭಾರತಿ ಅವನ ಮೊಣಕೈ ಹಿಡಿದುಕೊಂಡಳು.

ಗುಡ್ಡದಲ್ಲಿ ಹಗಲು ಚೆನ್ನಾಗಿಯೇ ಕಳೆಯಿತು. ಕಾಂತೇಶ ಬಂಡೆಯ ನೆತ್ತಿಗೆ ಹಗ್ಗ ಬಿಗಿದು ಒಬ್ಬೊಬ್ಬರನ್ನೇ ಇಳಿಸಿದ. ಪರಿಮಳಾ ಅರ್ಧ ದಾರಿಯಲ್ಲಿ ನೇತಾಡುತ್ತ ಗಂಡನಿಗೆ ಫೋಟೊ ತೆಗೆಯಲು ಹೇಳಿದಳು, ಆಮೇಲೆ ದೇವರ ಹೆಸರನ್ನೆಲ್ಲ ಕೂಗಿದಳು. ಭಾರತಿ ತನ್ನ ಸರದಿ ಬಿಟ್ಟು ಗಂಡನ ಸೊಂಟದ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಅವನು ಹೆದರದೆ ಇಳಿದ. ಸುರಪುರದ ಗುಡ್ಡದ ನೆರಳಲ್ಲಿ ಎಲ್ಲರೂ ಬುತ್ತಿ ಬಿಚ್ಚಿದಾಗ ಅವನು ಒಂದೇ ರೊಟ್ಟಿ ತಿಂದು ಕೈ ತೊಳೆದ. "ಹೊಟ್ಟಿ ತುಂಬಿದ್ರ ನೀರಾಗ ಭಾರ ಆಗ್ತದ," ಎಂದ.

ಹುಣಸಗಿ ದಾಟಿ, ಕಾಲುವೆಯ ಏರಿಯ ಮೇಲೆ ಬಂದು, ಟೆಂಪೋ ಹೊಳೆಯ ಹತ್ತಿರ ನಿಂತಾಗ ಬಿಸಿಲು ಇಳಿಮುಖವಾಗಿತ್ತು. ಹೊಳೆ ಬತ್ತಿ ದೂರ ಸರಿದಿತ್ತು. ಕರಿ ಬಂಡೆಗಳ ನಡುವೆ ಅದು ಬಿಟ್ಟುಹೋದ ಮಡು ಗಾಜಿನ ಹಾಗೆ ನಿಶ್ಚಲವಾಗಿತ್ತು. ಅಲ್ಲಿ ಕಪ್ಪೆಯೂ ಒದರುತ್ತಿರಲಿಲ್ಲ.

"ಮೊಸಳಿ?" ಭಾರತಿ ಕೇಳಿದಳು.

"ಮೊಸಳಿ ಹೊಳ್ಯಾಗ ಅದಾವ್ರಿ, ಸುಳ್ಳು ಹೇಳಂಗಿಲ್ಲ," ಎಂದ ಕಾಂತೇಶ. "ಈ ಮಡುವಿಗೆ ಅವಕ್ಕ ದಾರಿ ಇಲ್ಲ. ಸುತ್ತ ಬಂಡಿಗಲ್ಲು. ಮಳಿಗಾಲದಾಗ ಹೊಳಿ ಏನು ತಂದು ಹಾಕಿರ್ತದ, ಅದಷ್ಟ ಇದರಾಗ ಇರ್ತದ."

ಶಿವಶರಣ ತಲೆಯೆತ್ತಿ ಅವನನ್ನು ನೋಡಿದ. ಮರುಕ್ಷಣ ಅಂಗಿಯ ಗುಂಡಿ ಬಿಚ್ಚತೊಡಗಿದ.

ಬಟ್ಟೆಗಳು ಭಾರತಿಯ ತೊಡೆಯ ಮೇಲೆ ಬಂದವು, ಇನ್ನೂ ಮೈಬಿಸಿ ಆರದೆ. ಅವಳು ಬಂಡೆಯ ಮೇಲೆ ಕುಳಿತು ಅವುಗಳ ಮೇಲೆ ಎರಡೂ ಕೈ ಇಟ್ಟುಕೊಂಡಳು. ಕೆಳಗೆ ಎಲ್ಲರೂ ಮಾಸ್ಕಿನಲ್ಲಿ ಒಂದೇ ಥರ ಕಂಡರು. ಮುಖ ನೀರಿನೊಳಗೆ, ಬೆನ್ನು ಮೇಲೆ, ತಲೆಯ ಪಕ್ಕ ಕೊಳವೆಯ ತುದಿ. ಪರಿಮಳಾ ಮುಖ ಎತ್ತಿದಾಗಲೆಲ್ಲ ಕಿರುಚುತ್ತಿದ್ದಳು.

"ಅಯ್ಯ, ಮೀನು ನನ್ನ ಕಾಲುಂಗುರ ತಿನ್ನಾಕತ್ತಾವ! ಬಾರ ಭಾರತಿ! ಗಂಡನ ಪ್ಯಾಂಟ್ ಕಾಯ್ಕೋತ ಕುಂತೀದೆಲ್ಲ, ಯಾರು ಒಯ್ತಾರ ಅದನ್ನ?"

ಭಾರತಿಯ ಕಣ್ಣು ಗಂಡನ ಮೇಲಿತ್ತು. ಶಿವಶರಣ ಗುಂಪು ಬಿಟ್ಟು ದೂರ ಸರಿದಿದ್ದ. ಮಡುವಿನ ಆಚೆ ತುದಿಯಲ್ಲಿ ಎರಡು ಬಂಡೆಗಳು ತಲೆ ಕೂಡಿಸಿದ ಜಾಗಕ್ಕೆ ಹೋಗಿ, ಜಾಕೆಟ್ಟು ಬಿಚ್ಚಿ ಬಂಡೆಯ ಮೇಲೆಸೆದು, ಮುಖ ಮುಳುಗಿಸಿ ನಿಂತುಬಿಟ್ಟ. ಈಜಲಿಲ್ಲ, ಕಾಲು ಆಡಿಸಲಿಲ್ಲ. ಅವಳು ಕೂಗಿದಳು. ಮತ್ತೆ ಕೂಗಿದಳು. ಬೆನ್ನು ಅಲುಗಲಿಲ್ಲ. ಕಾಂತೇಶ ಈ ತುದಿಯಲ್ಲಿ ಹೆಂಗಸರಿಗೆ ತೇಲುವುದನ್ನು ಹೇಳಿಕೊಡುತ್ತಿದ್ದ.

ಅವಳು ಎದ್ದಳು. ಬಟ್ಟೆ ನೋಡಿದಳು, ನೀರು ನೋಡಿದಳು. ಬಟ್ಟೆ ಹಿಡಿದು ಕುಳಿತು ಗಂಡನನ್ನು ಕಳೆದುಕೊಂಡರೆ? ಟೆಂಪೋದ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದ ಚಾಂದಪಾಶಾನ ಬಳಿ ಓಡಿದಳು.

"ಅಣ್ಣಾರ, ಇವನ್ನ ನಿಮ್ಮ ಕೈಯಾಗ ಹಿಡ್ಕೋರಿ. ಕೆಳಗ ಮಾತ್ರ ಇಡಬ್ಯಾಡ್ರಿ."

"ಆಯ್ತ್ರಿ ಮೇಡಂ, ಕೂಸಿನಂಗ ಹಿಡ್ಕೋತೀನಿ."

ಚೂಡಿದಾರದ ಮೇಲೆಯೇ ಜಾಕೆಟ್ಟು ಬಿಗಿಸಿಕೊಂಡು, ಮಾಸ್ಕು ಹಾಕಿಕೊಂಡು, ಕಾಂತೇಶನ ತೋಳು ಹಿಡಿದು ಅವಳು ಇಳಿದಳು. ಮುಖ ನೀರಿಗೆ ಹೋದೊಡನೆ ಮೇಲಿನ ಗದ್ದಲ ನಿಂತುಹೋಯಿತು. ಕೊಳವೆಯಲ್ಲಿ ತನ್ನದೇ ಉಸಿರು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿ ಉಸಿರಾಡಿದ ಹಾಗೆ. ಹಸಿರು ಬೆಳಕು, ಅದರಡಿ ಮರಳು, ಮರಳಿನಲ್ಲಿ ನಡೆದು ಹೋದಂತೆ ಸಾಲು ಗುಳಿಗಳು. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ.

ಬಂಡೆಗಳ ಸಂದಿಯ ಮುಂದೆ ಶಿವಶರಣ ಒಂದು ಕೈಯಿಂದ ಕಲ್ಲು ಹಿಡಿದು ತೂಗುತ್ತಿದ್ದ. ಅವಳು ಭುಜ ಮುಟ್ಟಿದಳು. ಅವನು ತಿರುಗಿದ. ಗಾಜಿನ ಹಿಂದೆ ಕಣ್ಣುಗಳು ಕೆಂಪಾಗಿದ್ದವು. ಒಂದು ಬೆರಳೆತ್ತಿ, ತುಸು ತಡೆ ಎಂದ. ಆಮೇಲೆ ಸಂದಿಯ ಕಡೆ ಅದೇ ಬೆರಳು ತೋರಿದ. ಅಲ್ಲಿ ಕತ್ತಲು, ಕತ್ತಲೊಳಗೆ ಪಾಚಿಯ ಎಳೆಗಳು ಕೂದಲಿನ ಹಾಗೆ ಒಮ್ಮೆ ಇತ್ತ, ಒಮ್ಮೆ ಅತ್ತ. ಮಡುವಿನಲ್ಲಿ ಹರಿವೇ ಇರಲಿಲ್ಲ. ಅವಳ ಮಾಸ್ಕಿನೊಳಗೆ ನೀರು ನುಗ್ಗಿತು. ಕೆಮ್ಮಿ ಒದ್ದಾಡಿದವಳನ್ನು ಕಾಂತೇಶ ಹಿಂದಕ್ಕೆಳೆದು ದಡ ಮುಟ್ಟಿಸಿದ.

"ಅವರೂ," ಎಂದಳು ಕೆಮ್ಮಿನ ನಡುವೆ. "ಅವರನ್ನೂ ಕರಕೊಂಡು ಬಾ."

"ಸರ್ ಆಗಲೇ ಮ್ಯಾಲ ಅದಾರಲ್ರಿ ಮೇಡಂ," ಎಂದ ಕಾಂತೇಶ ಟೆಂಪೋ ಕಡೆ ಕೈಮಾಡಿ.

ಟೆಂಪೋದ ಮೆಟ್ಟಿಲ ಬಳಿ ಶಿವಶರಣ ಅಂಗಿ, ಪ್ಯಾಂಟು ತೊಟ್ಟು ನಿಂತು ಚಹಾ ಕುಡಿಯುತ್ತಿದ್ದ. ಕೂದಲಿನಿಂದ ನೀರು ಸೋರುತ್ತಿತ್ತು. ಪರಿಮಳಾ ಏನೋ ಅಂದಳು, ಅವನು ತಲೆ ಹಿಂದಕ್ಕೊಗೆದು ನಕ್ಕ. ಎರಡು ವರ್ಷದಿಂದ ಭಾರತಿ ಆ ಮುಖದಲ್ಲಿ ನಗೆ ಕಂಡಿರಲಿಲ್ಲ. ಹೀಗೆ ತಲೆ ಒಗೆದು ಅವನು ಎಂದೂ ನಕ್ಕಿರಲಿಲ್ಲ.

ಅವಳು ಚಾಂದಪಾಶಾನನ್ನು ಬದಿಗೆ ಕರೆದಳು. "ಬಟ್ಟಿ ಯಾಕ ಕೊಟ್ರಿ?"

"ಅವರವೇ ಅಲ್ಲೇನ್ರಿ? ಆ ಬಂಡಿಗಲ್ಲಿನ ಹಿಂದಿನಿಂದ ಬಂದ್ರು, ಕೈ ಚಾಚಿದ್ರು, ಕೊಟ್ಟೆ. ಮೈ ಐಸ್ ಆಗಿತ್ತು. ಎಷ್ಟೊತ್ತು ನೀರಾಗಿದ್ರಿ ಸಾಹೇಬ್ರ ಅಂದೆ. ಭಾಳ ದಿನ ಆತು ಅಂದ್ರು." ಚಾಂದಪಾಶಾ ನಕ್ಕ. "ಮಜಾ ಮನಷ್ಯಾರ ಬಿಡ್ರಿ. ಮುಂಜಾನಿಂದ ಗೊತ್ತ ಆಗಿರ್ಲಿಲ್ಲ."

ಭಾರತಿ ಮಡುವಿನ ಕಡೆ ತಿರುಗಿದಳು. ಎಲ್ಲರೂ ಮೇಲೆ ಬಂದಿದ್ದರು. ಸೂರ್ಯ ಬಂಡೆಗಳ ಹಿಂದೆ ಇಳಿದು ನೀರು ಕಪ್ಪಾಗುತ್ತಿತ್ತು. ಆಚೆ ತುದಿಯ ಸಂದಿಯ ಬಳಿ ಏನೋ ಒಂದು, ಬೆರಳುದ್ದದ ಕರಿಯದು, ನೀರಿನ ಮೇಲೆ ನೆಟ್ಟಗೆ ನಿಂತಿತ್ತು.

"ಕಾಂತೇಶ, ಅದೇನು?"

ಅವನು ಕಣ್ಣು ಕಿರಿದು ಮಾಡಿದ. "ನೀರುಕಾಗಿ ಇರ್ಬೇಕ್ರಿ. ಕತ್ತು ಅಷ್ಟ ಮ್ಯಾಲ ಇಟ್ಟಿರ್ತದ."

"ಮಾಸ್ಕು ಎಲ್ಲಾ ಬಂದಾವೇನು?"

"ಸರ್‌ದೊಂದು ಬಂದಿಲ್ಲ. ಕಳಕೊಂಡೀನಿ ಅಂದ್ರು. ಹೋಗ್ಲಿ ಬಿಡ್ರಿ, ಹಳೇದು."

ಎಲ್ಲರೂ ಟೆಂಪೋ ಹತ್ತಿದರು. ಶಿವಶರಣನ ಬಟ್ಟೆ ತೊಟ್ಟವನು ಕಿಟಕಿಯಿಂದ ತಲೆ ಹೊರಹಾಕಿದ. ಗಂಡನದೇ ಮುಖ, ಗಂಡನದೇ ಹಣೆಯ ಗಾಯದ ಗುರುತು.

"ಜಲ್ದಿ ಬಾ ವೈನಿ, ಅವ್ವ ಕಾಯಾಕತ್ತಿರ್ತಾಳ."

ಟೆಂಪೋದೊಳಗೆ ನಗೆಯೆದ್ದಿತು. "ಕೇಳಿದೇನ ಭಾರತಿ! ಹೆಂಡ್ತಿಗೆ ವೈನಿ ಅನ್ನಾಕತ್ತಾರ!" ಎಂದಳು ಪರಿಮಳಾ. ಅವನೂ ಎಲ್ಲರ ಜೊತೆ ನಕ್ಕ. ಭಾರತಿಯನ್ನು ಲೋಕದಲ್ಲಿ ವೈನಿ, ಅತ್ತಿಗೆ ಎಂದು ಕರೆದವನು ಒಬ್ಬನೇ ಒಬ್ಬ, ಗಂಡನ ತಮ್ಮ.

ಅವಳಿಗೆ ಅಳು ಬರಲಿಲ್ಲ. ಇಷ್ಟು ಕಾಲ ಬೀಗ ಜಗ್ಗಿ, ಗ್ಯಾಸ್ ಮುಟ್ಟಿ, ಬಾರದ ಕೇಡನ್ನು ಕಾದವಳಿಗೆ ಈಗ ಕೇಡು ಎದುರಿಗೆ ಕುಳಿತಾಗ ಮನಸ್ಸು ವಿಚಿತ್ರವಾಗಿ ಶಾಂತವಾಗಿತ್ತು. ಇವನನ್ನು ಮನೆಗೊಯ್ದರೆ ಭೀಮವ್ವ ಬಾಗಿಲಲ್ಲೇ ಗುರುತಿಸಿಯಾಳು, ಗುರುತಿಸಿ ಅಪ್ಪಿಕೊಂಡಾಳು. ತಾಯಿಯಾದವಳು ಯಾವ ಮಗನನ್ನು ಹೊರಗೆ ಹಾಕುತ್ತಾಳೆ? ಆದರೆ ಅಲ್ಲಿ, ಆ ಕರಿಯ ತುದಿಯಡಿ, ತುಸು ತಡೆ ಎಂದು ಬೆರಳೆತ್ತಿದವನಿದ್ದ.

ತಾನು ಉಡಲೆಂದು ತಂದಿದ್ದ ಒಣ ಸೀರೆಯನ್ನು ಅವಳು ಚೀಲದಿಂದ ತೆಗೆದಳು. ಅದರ ಸೆರಗನ್ನು ಮುಂಗೈಗೆ ಸುತ್ತಿಕೊಂಡು ಬಂಡೆಯಿಂದ ಬಂಡೆಗೆ ಕಾಲಿಡುತ್ತ ಮಡುವಿನ ಅಂಚು ಹಿಡಿದು ನಡೆದಳು. ಹಿಂದೆ ಹಾರ್ನ್ ಕೇಳಿಸಿತು. "ಮೇಡಂ, ಎಲ್ಲಿಗ್ರಿ? ಕತ್ತಲಾಗಾಕತ್ತದ!" ಎಂದು ಕಾಂತೇಶ ಕೂಗಿದ.

ಸಂದಿ ಹತ್ತಿರವಾದಂತೆ ಅವಳಿಗೆ ಕೇಳಿಸಿತು. ಕೊಳವೆಯೊಳಗಿನ ಉಸಿರು. ಎಳೆದುಕೊಳ್ಳುವುದು, ಬಿಡುವುದು. ಹಕ್ಕಿ ಹಾಗೆ ಉಸಿರಾಡುವುದಿಲ್ಲ.

ಮೊಣಕಾಲೂರಿ, ಸೀರೆಯ ಇನ್ನೊಂದು ತುದಿಯನ್ನು ನೀರಿಗೆ ಬಿಟ್ಟಳು. ಅದು ಹರಡಿ, ಮೆಲ್ಲಗೆ ಮುಳುಗಿತು.

"ರೀ," ಎಂದಳು. "ಬಟ್ಟಿ ತಂದೀನಿ. ಬರ್ರಿ, ಮನಿಗೆ ಹೋಗೂಣು."

ಬೆನ್ನ ಹಿಂದೆ ಹೆಜ್ಜೆಯ ಸಪ್ಪಳವಿಲ್ಲದೆಯೇ ಯಾರೋ ಬಂದು ನಿಂತರು. ತಣ್ಣನೆಯ ಗಾಳಿ ಕತ್ತಿಗೆ ತಾಕಿತು. ಈಗ ಆ ದನಿಯಲ್ಲಿ ನಗೆ ಇರಲಿಲ್ಲ.

"ಎಳೀಬ್ಯಾಡ ವೈನಿ. ಅವ ಬಂದ್ರ ನಾ ಹೋಗಬೇಕು. ಒಳಗ ಭಾಳ ಥಂಡಿ ಅದ."

ದೇವುವಿಗೆ ಆರು ವರ್ಷ ಅವಳೇ ಬಡಿಸಿದ್ದಳು. ಜ್ವರ ಬಂದಾಗ ಹಣೆಗೆ ತೊಯ್ದ ಬಟ್ಟೆ ಹಾಕಿದ್ದಳು. ತಿರುಗಿ ನೋಡಿದರೆ ಗಂಡನನ್ನು ಎಳೆಯಲು ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಅವಳು ತಿರುಗಲಿಲ್ಲ.

"ಗೊತ್ತದ, ದೇವು," ಎಂದಳು ನೀರನ್ನು ನೋಡುತ್ತಲೇ. "ಗೊತ್ತದಪ್ಪ."

ಕೆಳಗೆ ಸೀರೆಯ ತುದಿಯನ್ನು ಒಂದು ಕೈ ಹಿಡಿಯಿತು. ಭಾರತಿ ಬಂಡೆಗೆ ಪಾದ ಒತ್ತಿ, ಇದ್ದ ಬಲವನ್ನೆಲ್ಲ ಹಾಕಿ ಎಳೆಯತೊಡಗಿದಳು.