ಚರ್ಚಿನ ಬೀಗದಕೈ

ನಮ್ಮ ಯಜಮಾನರಿಗೆ ಪರದೇಶದಲ್ಲಿ ಸಿಕ್ಕ ಮೊದಲ ಗೌರವವೆಂದರೆ ಚರ್ಚಿನ ಬೀಗದಕೈ. ಅದನ್ನು ಅವರು ಎರಡೂ ಕೈ ಒಡ್ಡಿ, ತಲೆ ಬಾಗಿಸಿ, ಒಂದು ಗಳಿಗೆ ಕಣ್ಣನ್ನೂ ಮುಚ್ಚಿ ಸ್ವೀಕರಿಸಿದರು. ಕೊಟ್ಟ ಹೆಂಗಸಿಗೆ ಗಾಬರಿಯಾಯಿತು. ಅದುವರೆಗೆ ಅವಳು ಆ ಬೀಗದಕೈಯನ್ನು ಎಷ್ಟೋ ಜನರಿಗೆ ಕೊಟ್ಟಿದ್ದಳು. ಪ್ರಭುಭೋಜನದ ರೊಟ್ಟಿಯಂತೆ ಅದನ್ನು ತೆಗೆದುಕೊಂಡವರು ಇವರೊಬ್ಬರೇ.

ಊರಿನಲ್ಲಿ ಇವರು ಹೈಸ್ಕೂಲಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಅದು ಹೊಟ್ಟೆಪಾಡು. ಚರ್ಚಿನಲ್ಲಿ ಸೆಕ್ರೆಟರಿ ಆಗಿದ್ದರು. ಅದು ಜೀವ. ಆರಾಧನೆ ಮುಗಿಯುತ್ತಲೇ ಎದ್ದು ನಿಂತು ಪ್ರಕಟಣೆ ಓದುವುದು ಇವರ ಹಕ್ಕು. ಮಹಿಳಾ ಸಂಘದ ಕೂಟ ಬುಧವಾರಕ್ಕೆ ಹೋಯಿತು ಎಂಬುದನ್ನು ರಾಜಾಜ್ಞೆ ಹೊರಡಿಸುವ ಧಾಟಿಯಲ್ಲಿ ಓದುತ್ತಿದ್ದರು. ವರ್ಷಕ್ಕೊಮ್ಮೆ ವರದಿ ಮಂಡಿಸುವಾಗ, "ಹಿರಿಯರ ಮೇಲ್ವಿಚಾರಣೆಯಲ್ಲಿ ಚರ್ಚಿನ ಸ್ವಚ್ಛತೆಯನ್ನು ಅತ್ಯುತ್ತಮವಾಗಿ ಕಾಪಾಡಿಕೊಂಡು ಬರಲಾಗಿದೆ" ಎಂಬ ಸಾಲನ್ನು ಮರೆಯದೆ ಸೇರಿಸುತ್ತಿದ್ದರು. ಆ ಹಿರಿಯರು ಇವರ ಅಪ್ಪನೇ, ಅಂದರೆ ನನ್ನ ಮಾವ.

ಮಾವ ಸಭೆಯ ಹಿರಿಯರು, ಅಂದರೆ ಚರ್ಚಿನ ಆಡಳಿತ ಅವರ ಕೈಯಲ್ಲಿ. ಚರ್ಚಿನ ಬೀಗದಕೈ ಅವರ ಸೊಂಟದ ಉಡಿದಾರದಲ್ಲಿ ನೇತಾಡುತ್ತಿತ್ತು, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ನಮ್ಮ ಕಡೆ ಬೀಗದಕೈ ಇದ್ದವರ ಮನೆ ಎಂದರೆ ಮುಗಿಯಿತು, ಪಾದ್ರಿಗಳೇ ಬಂದು ಬಾಗಿಲಲ್ಲಿ ಕಾಯಬೇಕು. ಮಾವನ ಅಧಿಕಾರಕ್ಕೆ ತಕ್ಕಂತೆ ಅತ್ತೆಯ ಭಕ್ತಿ. ಪ್ರತಿ ಶನಿವಾರ ಬೆಳಗಾಗುವ ಮೊದಲೇ ಮಾವ ಚರ್ಚಿನ ಬಾಗಿಲು ತೆಗೆದುಕೊಡುವರು, ಅತ್ತೆ ಒಬ್ಬರೇ ಒಳಗೆ ಹೋಗಿ ಅಗುಳಿ ಹಾಕಿಕೊಂಡು ಪ್ರಾರ್ಥನೆ ಮಾಡುವರು. ಹೊತ್ತೇರಿದ ಮೇಲೆ ಬೆವೆತು ಬರುತ್ತಿದ್ದರು. ಮೊಣಕಾಲೂರಿ ಅಷ್ಟು ಹೊತ್ತು ಪ್ರಾರ್ಥಿಸುವ ಹೆಂಗಸು ಇನ್ನೊಬ್ಬಳಿಲ್ಲ ಎಂದು ಸಭೆಯೆಲ್ಲ ಕೊಂಡಾಡುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನೂ ಆ ಭಕ್ತಿಗೆ ಹೋಲಿಸಿ ತೂಗಿ ನೋಡಿದವರು ಬಹಳ. ನಾನು ಯಾವಾಗಲೂ ತೂಕಕ್ಕೆ ಕಡಿಮೆ ಬೀಳುತ್ತಿದ್ದೆ.

ಮಾವ ತೀರಿಕೊಂಡರು. ಸಮಾಧಿಯ ಮಣ್ಣು ಇನ್ನೂ ಒಣಗಿರಲಿಲ್ಲ, ಹೊಸ ಹಿರಿಯ ಮನೆಗೆ ಬಂದು ನಿಂತ. ಕಾಫಿ ಕುಡಿದ, ಮಾವನನ್ನು ಹೊಗಳಿದ, ಬೀಗದಕೈ ಕೇಳಿದ. ಅತ್ತೆ ಒಳಗಿಂದ ತಂದು ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ ಅಡುಗೆಮನೆಗೆ ಹೋದರು. ಗಂಡ ಸತ್ತಾಗ ಅತ್ತಿದ್ದಕ್ಕಿಂತ ಅವತ್ತು ಹೆಚ್ಚು ಅತ್ತರು. ಅಧಿಕಾರ ಕೈಬಿಟ್ಟು ಹೋದದ್ದಕ್ಕೆ ಎಂದು ನಾವೆಲ್ಲ ತಿಳಿದುಕೊಂಡೆವು.

ಅಷ್ಟರಲ್ಲಿ ನನಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು. ವಯಸ್ಸಾದವರನ್ನು ನೋಡಿಕೊಳ್ಳುವ ಆಸ್ಪತ್ರೆ. ನಾನು ಬಂದೆ, ನನ್ನ ಬಾಲ ಹಿಡಿದು ಇವರು ಬಂದರು, ಮಗಳು ಬಂದಳು, ಆಮೇಲೆ ಅತ್ತೆಯನ್ನೂ ಕರೆಸಿಕೊಂಡೆವು. ಇವರಿಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಅಲ್ಲಿ ಇವರನ್ನು ಸೆಕ್ರೆಟರಿ ಎಂದು ಯಾರೂ ಕರೆಯಲಿಲ್ಲ. ನಿಜ ಹೇಳಬೇಕೆಂದರೆ ಏನೆಂದೂ ಕರೆಯಲಿಲ್ಲ. ಪೆಟ್ಟಿಗೆ ಬರುತ್ತಿತ್ತು, ಚೀಟಿ ಅಂಟುತ್ತಿತ್ತು, ಪೆಟ್ಟಿಗೆ ಹೋಗುತ್ತಿತ್ತು.

ಭಾನುವಾರ ಬೀದಿಯ ಕೊನೆಯಲ್ಲಿರುವ ಚರ್ಚಿಗೆ ಹೋಗುತ್ತಿದ್ದೆವು. ದೊಡ್ಡ ಕಟ್ಟಡ, ಸಣ್ಣ ಸಭೆ. ಬೆಂಚುಗಳು ಜಾಸ್ತಿ, ಜನ ಕಡಿಮೆ, ಇದ್ದವರೂ ಒಬ್ಬರಿಗೊಬ್ಬರು ತಾಗದಂತೆ ದೂರ ದೂರ ಕೂರುತ್ತಿದ್ದರು. ಅತ್ತೆ ಮಾತ್ರ ತಲೆಗೆ ಸೆರಗು ಹೊದ್ದು ಮುಂದಿನ ಬೆಂಚಿನಲ್ಲಿ. ಇಲ್ಲಿಯ ಭಾಷೆ ಒಂದಕ್ಷರ ಬಾರದಿದ್ದರೂ ಪಾದ್ರಿ ಉಸಿರೆಳೆದುಕೊಂಡಾಗಲೆಲ್ಲ "ಆಮೆನ್" ಎನ್ನುತ್ತಿದ್ದರು. ಅರ್ಧದಷ್ಟು ಆಮೆನ್‌ಗಳು ಕಾರು ನಿಲ್ಲಿಸುವ ಜಾಗದ ಸೂಚನೆಗಳಿಗೆ ಬೀಳುತ್ತಿದ್ದವು. ಪಾದ್ರಿ ಒಳ್ಳೆಯವರು, ನಗುತ್ತಿದ್ದರು.

ಇವರು ನಗುತ್ತಿರಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದರು.

"ಚಳಿಗಾಲ ಮುಗೀಲಿ. ನಾನೂ ಅಮ್ಮನೂ ಊರಿಗೆ ಹೊರಡ್ತೀವಿ. ನೀನೂ ಮಗಳೂ ಇಲ್ಲೇ ಇರಿ."

"ಅಂದ್ರೆ? ಸಂಸಾರ ಎರಡು ಹೋಳು ಮಾಡೋದಾ?"

"ಇಲ್ಲಿ ನಾನು ಯಾರು ಹೇಳು. ಅಲ್ಲಾದ್ರೆ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಅಂತಾರೆ."

ನನಗೆ ಕೋಪ ನೆತ್ತಿಗೇರಿತು. ನಾಲ್ಕು ಜನರ ನಮಸ್ಕಾರಕ್ಕೆ ಹೆಂಡತಿ ಮಗಳನ್ನು ಬಿಟ್ಟು ಹೋಗುವ ಗಂಡಸಿಗೆ ಏನು ಹೇಳುವುದು? ಕೋಪದ ಅಡಿಯಲ್ಲಿ ಭಯವಿತ್ತು. ಇವರು ಮಾತು ಹಿಡಿದರೆ ಬಿಡುವವರಲ್ಲ. ಚಳಿಗಾಲ ಎಂಬುದೊಂದು ಮುಗಿಯದೇ ಇರಲಿ ಎಂದು ನಾನು ಪ್ರಾರ್ಥಿಸತೊಡಗಿದೆ. ಚಳಿಗೆ ಬಯ್ಯುವ ದೇಶದಲ್ಲಿ ಅಂಥ ಪ್ರಾರ್ಥನೆ ಮಾಡಿದವಳು ನಾನೊಬ್ಬಳೇ ಇರಬೇಕು.

ಆಗಲೇ ಬೀಗದಕೈ ಬಂದದ್ದು. ಆರಾಧನೆ ಮುಗಿದು ಮೆಟ್ಟಿಲಿಳಿಯುವಾಗ ಚರ್ಚಿನ ವ್ಯವಸ್ಥೆ ನೋಡಿಕೊಳ್ಳುವ ಆ ಹೆಂಗಸು ಇವರ ಕೈಗಿಟ್ಟು, ಶನಿವಾರ ಬನ್ನಿ ಎಂದಳು. ತಾವು ಸೆಕ್ರೆಟರಿ ಆಗಿದ್ದುದಾಗಿ ಇವರು ಪಾದ್ರಿಗೆ ಎಂದೋ ಹೇಳಿದ್ದರು. ಅದು ಈಗ ಫಲ ಕೊಟ್ಟಿತೆಂದು ಲೆಕ್ಕ ಹಾಕಿದರು. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆಗೆ ಬಂದವರೇ ಊರಿನ ತಂಗಿಗೆ ಫೋನ್ ಹಚ್ಚಿದರು.

"ಹೂಂ ಕಣೇ, ಬೀಗದಕೈ. ಅಪ್ಪನಿಂದ ಮಗನಿಗೆ ಬಂತು ನೋಡು, ಸಮುದ್ರ ದಾಟಿದ್ರೂ."

ಆ ತಂಗಿಗೆ ಹೇಳುವುದೂ ಒಂದೇ, ಊರಲ್ಲಿ ಡಂಗುರ ಸಾರುವುದೂ ಒಂದೇ. ಸಂಜೆಯೊಳಗೆ ಇವರಿಗೆ ಅಭಿನಂದನೆಗಳು ಬರತೊಡಗಿದವು.

ಶನಿವಾರ ಇವರು ಇಸ್ತ್ರಿ ಮಾಡಿದ ಕೋಟು ಹಾಕಿ, ಬೂಟಿಗೆ ಪಾಲಿಶ್ ಹಚ್ಚಿ, ಕನ್ನಡಿ ಮುಂದೆ ಸಣ್ಣ ಭಾಷಣವೊಂದನ್ನು ಅಭ್ಯಾಸ ಮಾಡಿ ಹೋದರು. ಬಂದಾಗ ಕೋಟಿನ ತೋಳು ಮೊಣಕೈವರೆಗೆ ಒದ್ದೆ. ಮೈಯೆಲ್ಲ ಫಿನಾಯಿಲ್ ವಾಸನೆ. ನನ್ನನ್ನು ಬಚ್ಚಲಿಗೆ ಕರೆದು, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಹೇಳಿದರು.

"ಅದು ಹಿರಿಯರ ಬೀಗದಕೈ ಅಲ್ಲ ಕಣೇ. ಗುಡಿಸಿ ಒರೆಸೋರ ಬೀಗದಕೈ. ಇಲ್ಲಿ ಕೆಲಸದವರು ಇಲ್ಲವಂತೆ. ಒಂದೊಂದು ಮನೆಗೆ ಒಂದೊಂದು ತಿಂಗಳು ಸರದಿ."

"ಏನೇನು ಮಾಡಿಸಿದ್ರು?"

"ಬೆಂಚು. ನೆಲ." ಸ್ವಲ್ಪ ತಡೆದರು. "ಕಕ್ಕಸು."

ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಟವೆಲು ತುರುಕಿಕೊಂಡೆ. ಆಮೇಲೆ ಸಿಟ್ಟು ಬಂತು. ನಾನು ದಿನಬೆಳಗಾದರೆ ಹಾಸಿಗೆ ಹಿಡಿದವರ ಮಲಮೂತ್ರ ತೊಳೆದೇ ಮನೆ ನಡೆಸುತ್ತಿದ್ದೆ. ಅದಕ್ಕೆ ಇವರು ಊರವರ ಮುಂದೆ ಇಟ್ಟ ಹೆಸರು ಸೇವೆ. ಈಗ ತಾವು ವಾರಕ್ಕೊಮ್ಮೆ ಕುಂಚ ಹಿಡಿದರೆ ಅದು ಅವಮಾನ.

"ಅತ್ತೆಗೆ ಹೇಳಿಬಿಡಿ, ಮುಗೀತು."

"ಹೇಳೋ ದಿನವೇ ಟಿಕೆಟ್ ತೆಗೀತೀನಿ. ಆ ಮುಖ ನೋಡ್ಕೊಂಡು ಇಲ್ಲಿರೋಕೆ ನನ್ನಿಂದ ಆಗಲ್ಲ."

ನಾನು ಬಾಯಿ ಮುಚ್ಚಿಕೊಂಡೆ. ಅತ್ತೆ ಕೇಳಿದರೆ, ಚರ್ಚಿನಿಂದ ಬರುತ್ತ ಗೋದಾಮಿಗೂ ಹೋಗಿದ್ದರು, ಫಿನಾಯಿಲ್ ವಾಸನೆ ಅಲ್ಲಿಯದು ಎಂದೆ. ಮಗಳಿಗೆ ಇಲ್ಲಿಯ ಭಾಷೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು, ಬಾಯಿಗೆ ಹಿಡಿತವಿರಲಿಲ್ಲ. ಆದರೆ ದೊಡ್ಡವರ ಆರಾಧನೆಯ ಹೊತ್ತಿಗೆ ಅವಳು ಸಂಡೇ ಸ್ಕೂಲಿನಲ್ಲಿ ಇರುತ್ತಿದ್ದಳು. ದೇವರು ಕೆಲವು ಸಲ ಹೀಗೂ ಕಾಪಾಡುತ್ತಾನೆ.

ತಿಂಗಳು ಕಳೆಯಿತು. ಇವರು ಶನಿವಾರ ಕೋಟು ಹಾಕಿಕೊಂಡೇ ಹೋಗುತ್ತಿದ್ದರು. ಕೈಚೀಲದಲ್ಲಿ ಹಳೆ ಷರಟು. ಬೀಗದಕೈ ಹಾಲ್‌ನ ಗೋಡೆಯ ಮೊಳೆಯಲ್ಲಿ, ಮಾವನ ಫೋಟೋದ ಕೆಳಗೆ. ಶನಿವಾರ, ಭಾನುವಾರ ಮಾತ್ರ ಇವರ ಜೇಬಿನಲ್ಲಿ. ಅತ್ತೆ ಅದನ್ನು ದಿನಾ ಒರೆಸುತ್ತಿದ್ದರು. ಊರಿಗೆ ಹೊರಡುವ ಮಾತನ್ನು ಇವರೂ ಎತ್ತಲಿಲ್ಲ. ಎತ್ತುವುದು ಹೇಗೆ? ಬೀಗದಕೈ ಸಿಕ್ಕವನು ಯಾಕೆ ವಾಪಸು ಬಂದ ಎಂದು ಊರು ಕೇಳುವುದಿಲ್ಲವೇ?

ಆಮೇಲೊಂದು ಭಾನುವಾರ ಆ ಹೆಂಗಸು ನಗುನಗುತ್ತ ಬಂದು ಕೈ ಚಾಚಿದಳು. ಮುಂದಿನ ಮನೆಯವರ ಸರದಿ ಬಂದಿತ್ತು. ಇವರ ಮುಖ ಇಂಗು ತಿಂದ ಮಂಗನಂತಾಯಿತು. ಪಕ್ಕದಲ್ಲೇ ಅತ್ತೆ. ಇನ್ನೊಮ್ಮೆ ಬೀಗದಕೈ ಕೇಳಲು ಬಂದವರ ಎದುರು ಆ ಮುದುಕಿ ನಿಲ್ಲಬೇಕಿತ್ತು. ಇವರು ಜೇಬಿನೊಳಗೆ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬಂದಷ್ಟು ಭಾಷೆಯಲ್ಲಿ ತೊದಲುತ್ತ, ಇನ್ನು ಮೇಲೆ ಯಾರ ಸರದಿಯೂ ಬೇಡ, ನಾನೇ ಮಾಡುತ್ತೇನೆ, ಯಾವಾಗಲೂ ನಾನೇ ಎಂದುಬಿಟ್ಟರು.

ಆ ಹೆಂಗಸು ಅಲ್ಲೇ ಇವರನ್ನು ಅಪ್ಪಿಕೊಂಡಳು. ಕಕ್ಕಸು ತೊಳೆಯಲು ತಾವಾಗಿ ಮುಂದೆ ಬಂದವರನ್ನು ಆ ಸಭೆ ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ. ಮುಂದಿನ ವಾರ ಪಾದ್ರಿ ಪೀಠದಿಂದಲೇ ಇವರ ದೀನತೆಯನ್ನು ಹೊಗಳಿ, ಎಬ್ಬಿಸಿ ನಿಲ್ಲಿಸಿದರು. ಸಭೆ ಚಪ್ಪಾಳೆ ತಟ್ಟಿತು. ತಮ್ಮ ಸರದಿ ತಪ್ಪಿದವರ ಚಪ್ಪಾಳೆ, ಜೋರಾಗಿಯೇ ಇತ್ತು. ಇವರು ಕಿವಿಯವರೆಗೆ ಕೆಂಪಾಗಿ ನಿಂತಿದ್ದರು.

ಅತ್ತೆ ನನ್ನ ಮೊಣಕೈ ತಿವಿದರು. "ಏನಂದ್ರು ಪಾದ್ರಿಗಳು?"

"ಬೀಗದಕೈ ಇನ್ಮೇಲೆ ನಿಮ್ಮ ಮಗನ ಹತ್ರವೇ ಇರಲಿ ಅಂದ್ರು ಅತ್ತೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆ ದೊಡ್ಡದಾಗಿ "ಆಮೆನ್" ಎಂದರು. ಆ ಒಂದು ಆಮೆನ್ ಸರಿಯಾದ ಜಾಗಕ್ಕೆ ಬಿತ್ತು.

ಅತ್ತೆ ಖುಷಿಪಟ್ಟು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶನಿವಾರ ಮಧ್ಯಾಹ್ನ ನಾನು ಡ್ಯೂಟಿ ಮುಗಿಸಿ ಬಂದಾಗ ಅವರು ಒಳ್ಳೆಯ ಸೀರೆ ಉಟ್ಟು, ಊಟದ ಡಬ್ಬಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಅಷ್ಟು ದೊಡ್ಡ ಜವಾಬ್ದಾರಿ ಹೊತ್ತ ಮಗ ಹಸಿದಿರ್ತಾನೆ. ನಡಿ, ಅವನ ಆಫೀಸು ನೋಡ್ಕೊಂಡು ಬರೋಣ."

ಕಾಲು ನೋವು ಎಂದೆ, ಚಳಿ ಎಂದೆ, ಒಳಗೆ ಮೀಟಿಂಗ್ ಇರುತ್ತದೆ ಎಂದೆ. ಮೀಟಿಂಗ್ ಎಂದದ್ದೇ ತಪ್ಪಾಯಿತು. ಮಗ ಮೀಟಿಂಗ್ ನಡೆಸುವುದನ್ನು ನೋಡಲೇಬೇಕೆಂದು ಹೊರಟರು. ನಾನು ಹಿಂದೆ ಹಿಂದೆ ನಡೆದೆ. ಫೋನ್ ಮಾಡಿದರೆ ಇವರು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂಬುದು ಚರ್ಚಿನ ಪಡಸಾಲೆ ದಾಟಿ, ಹೆಂಗಸರ ಕಕ್ಕಸಿನ ತೆರೆದ ಬಾಗಿಲ ಮುಂದೆ ನಿಂತಾಗ ಗೊತ್ತಾಯಿತು. ಮೊಣಕೈವರೆಗೆ ಹಳದಿ ರಬ್ಬರ್ ಕೈಗವಸು ತೊಟ್ಟು, ಮೊಣಕಾಲೂರಿ, ಎಡಗೈಯಲ್ಲಿ ಬಕೆಟ್ಟು ಹಿಡಿದು ನಮ್ಮ ಸೆಕ್ರೆಟರಿ ಸಾಹೇಬರು ಕುಂಚದಿಂದ ಉಜ್ಜುತ್ತಿದ್ದರು.

ತಿರುಗಿ ನೋಡಿದರು. ಆ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಅಷ್ಟು ದಿನದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ಇವತ್ತು ಜವಾನ ಬಂದಿಲ್ಲ ಅಮ್ಮ," ಎಂದರು. "ಅದಕ್ಕೆ ನಾನೇ..."

ಅತ್ತೆ ಬಕೆಟ್ಟನ್ನೂ ಕುಂಚವನ್ನೂ ನೋಡಿದರು. ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

"ನಿಮ್ಮಪ್ಪನೂ ಇದನ್ನೇ ಹೇಳ್ತಿದ್ರು."

"ಏನು?"

"ಇವತ್ತೊಂದು ದಿನ ಜವಾನ ಬಂದಿಲ್ಲ ಅಂತ. ಆ ಜವಾನ ಗಂಟೆ ಹೊಡೀತಿದ್ದ, ಅಷ್ಟೇ. ಸೊಂಟ ಬಗ್ಗಿಸ್ತಿರಲಿಲ್ಲ. ಬೀಗದಕೈ ಇರೋ ಮನೆಯವರು ಚರ್ಚು ಕೊಳಕಾಗಿಟ್ರೆ ಜನ ಏನಂತಾರೆ ಅಂತ ನಿಮ್ಮಪ್ಪ ಕತ್ತಲಲ್ಲೇ ನನ್ನ ಕರ್ಕೊಂಡು ಹೋಗಿ ಬಾಗಿಲು ತೆಗೀತಿದ್ರು. ತೆಗೆದು ಮನೆಗೆ ಹೋಗಿ ಮಲಗ್ತಿದ್ರು. ಬೆಂಚು, ನೆಲ, ಹಿಂದಿನ ಕಕ್ಕಸು, ಎಲ್ಲ ನಾನೇ."

ಇವರ ಕೈಯಿಂದ ಕುಂಚ ಜಾರಿ ಬಕೆಟ್ಟಿಗೆ ಬಿತ್ತು. "ನೀನು ಪ್ರಾರ್ಥನೆ..."

"ಅದನ್ನೂ ಮಾಡ್ತಿದ್ದೆ. ಉಜ್ಜೋವಾಗ ಬಾಯಿ ಖಾಲಿನೇ ತಾನೆ. ನೀನು ವರ್ಷವರ್ಷ ವರದಿ ಓದ್ತಿದ್ದಲ್ಲ, ಹಿರಿಯರ ಮೇಲ್ವಿಚಾರಣೆ ಅಂತ. ಹೆಂಗಸರ ಕಡೆ ಕೂತ್ಕೊಂಡು ಕೇಳ್ತಿದ್ದೆ."

ಅವರ ದನಿಯಲ್ಲಿ ಕಹಿ ಇರಲಿಲ್ಲ. ಹಳೆಯ ನೆಂಟರೊಬ್ಬರ ಸುದ್ದಿ ಹೇಳುವಂತೆ ಹೇಳಿದರು. ನಾನು ಆ ಬೆವೆತ ಶನಿವಾರಗಳನ್ನೆಲ್ಲ ನೆನೆಸಿಕೊಂಡು ಡಬ್ಬಿ ಹಿಡಿದು ನಿಂತಿದ್ದೆ. ಯಾವ ಭಕ್ತಿಯ ತಕ್ಕಡಿಯಲ್ಲಿ ನನ್ನನ್ನು ತೂಗಿದ್ದರೋ ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದ್ದದ್ದು ಒಂದು ಪೊರಕೆ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಏಳು. ಹಾಗೆ ಉಜ್ಜಿದ್ರೆ ಮೂಲೆ ಬಿಟ್ಟುಹೋಗುತ್ತೆ. ನೀನು ನೀರು ತಾ."

ಇವರು ನೀರು ತಂದರು. ನಾನು ಬೆಂಚು ಒರೆಸಿದೆ. ಕೆಲಸ ಮುಗಿದ ಮೇಲೆ ಮುಂದಿನ ಬೆಂಚಿನಲ್ಲಿ ಕೂತು ಮೂವರೂ ಡಬ್ಬಿ ಬಿಚ್ಚಿ ಉಂಡೆವು. ಹೊರಗೆ ಬಂದು ಬಾಗಿಲಿಗೆ ಬೀಗ ಹಾಕುವಾಗ ಅತ್ತೆ ಮಗನ ಕಡೆ ಕೈ ಚಾಚಿದರು. ಇವರು ಒಂದು ಗಳಿಗೆ ನೋಡಿ, ಬೀಗದಕೈ ಕೊಟ್ಟರು. ಅತ್ತೆ ತಾವೇ ಬೀಗ ತಿರುಗಿಸಿ, ಎಳೆದು ನೋಡಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಒಂದು ದಿನವೂ ನನ್ನ ಕೈಗೆ ಕೊಟ್ಟಿರಲಿಲ್ಲ ನಿಮ್ಮಪ್ಪ," ಎಂದರು.

ಆ ಸಂಜೆ ಇವರು ಹಾಲ್‌ನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಗೋಡೆಯಲ್ಲಿ ಮಾವನ ಫೋಟೋದ ಕೆಳಗೆ ಬರೀ ಮೊಳೆ. ಕೊನೆಗೆ ಬಾಯಿ ಬಿಟ್ಟರು.

"ಎಲ್ಲ ಗೊತ್ತಾಯ್ತಲ್ಲ ಅಮ್ಮ. ಇನ್ನು ಇಲ್ಲಿ ಏನಿದೆ? ಟಿಕೆಟ್ ನೋಡ್ತೀನಿ. ನಾವಿಬ್ರೂ ಊರಿಗೆ ಹೊರಡೋಣ."

ಅತ್ತೆ ಆಗಲೇ ಊರಿನ ತಂಗಿಗೆ ಫೋನ್ ಹಚ್ಚಿ ಕಿವಿಗಿಟ್ಟುಕೊಂಡಿದ್ದರು. ಆ ಕಡೆಯವರು ಎತ್ತುವುದರೊಳಗೆ ಮಗನ ಕಡೆ ತಿರುಗಿದರು.

"ನೀನು ಹೋಗೋದಾದ್ರೆ ಹೋಗಪ್ಪ. ನನಗೆ ಶನಿವಾರ ಕೆಲಸ ಇದೆ."