ನಾದೇಜ್ ತಿರುಗಿಸಿ ಹೇಳಿದ ಮಾತು

ಪಮೇಲಾ ಥಾರ್ಲಿ ಎಂಬ ಇಂಗ್ಲಿಷ್ ಹೆಂಗಸು ಫೆಬ್ರವರಿಯಿಂದ ಮೇ ತಿಂಗಳೊಳಗೆ ನಾದೇಜ್‌ಗೆ ಹನ್ನೊಂದು ಮೇಲ್ ಕಳಿಸಿದ್ದಳು. ಹಡಗು ಜೂನ್ ಒಂಬತ್ತರ ಬೆಳಿಗ್ಗೆ ಏಳಕ್ಕೆ ಲೆ ಹಾವ್ರ್ ಬಂದರಿಗೆ ಬರುತ್ತದೆ, ಸಂಜೆ ಆರೂವರೆಯೊಳಗೆ ಎಲ್ಲರೂ ವಾಪಸು ಹತ್ತಿರಬೇಕು. ತಂದೆಗೆ ತೊಂಬತ್ತೊಂದು ವರ್ಷ, ಗಾಲಿಕುರ್ಚಿಯಲ್ಲೇ ಓಡಾಟ. ಬಾಯೋ ಊರಿನಲ್ಲಿರುವ ಬ್ರಿಟಿಷ್ ಸೈನಿಕರ ಸಮಾಧಿಗಳಿಗೆ ಹೋಗಿಬರಬೇಕು. ಹಡಗಿನವರ ಬಸ್ಸಿನಲ್ಲಿ ಐವತ್ತು ಜನರ ನಡುವೆ ಅವರಿಗೆ ಆಗುವುದಿಲ್ಲ. ವ್ಯಾನಿಗೆ ಕುರ್ಚಿ ಹತ್ತಿಸುವ ಹಲಗೆ ಇದೆಯೇ? ದಾರಿಯಲ್ಲಿ ಶೌಚಾಲಯ ಎಲ್ಲಿ? ಸೇತುವೆಯ ಸುಂಕ ಬಾಡಿಗೆಯಲ್ಲೇ ಸೇರಿದೆಯೇ? ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹಡಗು ತಪ್ಪಿದರೆ ಹೊಣೆ ಯಾರು?

ನಾದೇಜ್ ಒಂದಕ್ಕೂ ಬೇಸರಿಸದೆ ಉತ್ತರ ಬರೆದಿದ್ದಳು. ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದವಳು ಆ ಕಚೇರಿ ಮುಚ್ಚಿದ ಮೇಲೆ ಎಂಟು ಸೀಟಿನ ವ್ಯಾನು ಕೊಂಡು ಹದಿನಾಲ್ಕು ವರ್ಷವಾಗಿತ್ತು. ಹಡಗಿನಿಂದ ಇಳಿಯುವವರಲ್ಲಿ ಅರ್ಧದಷ್ಟು ಜನ ಕೇಳುವುದೇ ಯುದ್ಧದ ಜಾಗಗಳನ್ನು. ಸತ್ತ ಅಜ್ಜಂದಿರನ್ನು ಹುಡುಕಿಕೊಂಡು ಬರುವವರ ಜೊತೆ ಹೇಗೆ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು, ಯಾವಾಗ ಕರವಸ್ತ್ರದ ಪೊಟ್ಟಣ ಮುಂದೆ ಹಿಡಿಯಬೇಕು ಎಂಬುದೆಲ್ಲ ಅವಳಿಗೆ ಕರಗತವಾಗಿತ್ತು.

ಹನ್ನೊಂದನೆಯ ಮೇಲ್ ಮಾತ್ರ ಅವಳನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತು.

'ಒಂದು ವಿಷಯ ಮೊದಲೇ ಹೇಳಬೇಕಿತ್ತು,' ಎಂದು ಬರೆದಿದ್ದಳು ಪಮೇಲಾ. 'ನಮ್ಮ ತಂದೆ ಬಾಂಬರ್ ವಿಮಾನದಲ್ಲಿದ್ದವರು. ನಲವತ್ತನಾಲ್ಕರ ಸೆಪ್ಟೆಂಬರಿನಲ್ಲಿ ನಿಮ್ಮ ಊರಿನ ಮೇಲೂ ಹಾರಿದ್ದರು. ದಯವಿಟ್ಟು ಆ ಮಾತು ಎತ್ತಬೇಡಿ. ಊರೊಳಗೆ ಸುತ್ತಿಸುವುದೂ ಬೇಡ, ಬಂದರಿನಿಂದ ನೇರ ಬಾಯೋಗೆ ಹೋಗೋಣ. ಆ ವಿಷಯ ಬಂದರೆ ಅವರು ಅಳಲು ಶುರು ಮಾಡುತ್ತಾರೆ, ಆಮೇಲೆ ನಮಗೆ ಯಾರಿಗೂ ನೆಮ್ಮದಿ ಇರುವುದಿಲ್ಲ.'

ನಾದೇಜ್ ಅದನ್ನು ಎರಡು ಸಲ ಓದಿದಳು. ಆ ಸೆಪ್ಟೆಂಬರಿನಲ್ಲಿ ಜರ್ಮನ್ನರನ್ನು ಓಡಿಸಲು ಬಂದ ಇಂಗ್ಲಿಷ್ ವಿಮಾನಗಳು ಎರಡು ದಿನದಲ್ಲಿ ಲೆ ಹಾವ್ರ್‌ನ ನಡುಭಾಗವನ್ನೇ ನೆಲಸಮ ಮಾಡಿದ್ದವು. ಜರ್ಮನ್ ಸೈನಿಕರಲ್ಲಿ ಹೆಚ್ಚಿನವರು ಊರ ಹೊರಗಿನ ಕೋಟೆಗಳಲ್ಲಿ ಬೆಚ್ಚಗಿದ್ದರು. ಸತ್ತವರು ಊರವರು, ಎರಡು ಸಾವಿರ ಜನ. ಅವರಲ್ಲಿ ನಾದೇಜ್‌ಳ ಅಜ್ಜಿ ಜೆರ್ಮೇನ್ ಇದ್ದಳು, ಎರಡು ವರ್ಷದ ಸೋದರಮಾವ ರೆಮಿ ಇದ್ದ. ಆಗ ಎಂಟು ವರ್ಷದವಳಾಗಿದ್ದ ಅಮ್ಮ ಯುಗೆಟ್ ಹಾಲು ತರಲೆಂದು ಗುಡ್ಡದ ಮೇಲಿನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಚಿಕ್ಕಮ್ಮನ ಕಿಟಕಿಯಿಂದಲೇ ಎಲ್ಲ ನೋಡಿದಳು. ತಾಯಿ ಮಗ ಅಡಗಿದ್ದ ನೆಲಮಾಳಿಗೆಯನ್ನು ಅಗೆದಾಗ ಜೆರ್ಮೇನಳ ಉಂಗುರ ಸಿಕ್ಕಿತಂತೆ. ರೆಮಿಯದು ಎನ್ನಲು ಏನೂ ಸಿಗಲಿಲ್ಲ.

ಬಾಡಿಗೆ ಬೇಡವೆಂದು ಬರೆಯಲು ನಾದೇಜ್ ಎರಡು ಸಲ ಕೂತಳು, ಎರಡು ಸಲವೂ ಎದ್ದಳು. ಜರ್ಮನ್ನರಿಂದ ಬಿಡುಗಡೆಯಾದ ಎಪ್ಪತ್ತನೆಯ ವರ್ಷವೆಂದು ಆ ಜೂನ್ ತಿಂಗಳಿಡೀ ಗಿರಾಕಿಗಳು ಮುಗಿಬಿದ್ದಿದ್ದರು. ಒಬ್ಬರು ತಪ್ಪಿದರೆ ಇನ್ನೊಬ್ಬರು ಸಿಗುತ್ತಿದ್ದರು. ಆದರೂ ಬೇಡವೆನ್ನಲು ಕಾರಣ ಏನೆಂದು ಬರೆಯುವುದು? ಕೊನೆಗೆ ತನ್ನಂತೆಯೇ ವ್ಯಾನು ಓಡಿಸುವ ಜೋಯೆಲ್‌ಗೆ ಫೋನು ಮಾಡಿದಳು.

"ವಿಮಾನದಲ್ಲಿದ್ದವನು ಕಣೋ, ನಮ್ಮೂರ ಮೇಲೇ," ಎಂದಳು ದನಿ ತಗ್ಗಿಸಿ. "ನೀನು ಕರ್ಕೊಂಡು ಹೋಗ್ತೀಯಾ?"

"ನನಗೆ ಆವತ್ತು ಕೆನಡಾದವರು ಇದಾರೆ. ನಿನ್ನ ತಲೆನೋವು ನೀನೇ ಇಟ್ಕೋ," ಎಂದು ನಕ್ಕ ಜೋಯೆಲ್.

ಫೋನು ಇಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಯುಗೆಟ್ ನಿಂತಿದ್ದಳು.

"ಯಾವನು ಅವನು?"

"ಯಾವನೂ ಇಲ್ಲಮ್ಮ. ಒಂದು ಬಾಡಿಗೆ."

"ನನ್ನ ಕಣ್ಣಿಗೆ ಅಕ್ಷರ ಕಾಣದಿರಬಹುದು, ಕಿವಿ ನೆಟ್ಟಗಿದೆ. ವಿಮಾನದಲ್ಲಿದ್ದವನು ಅಂದೆ."

ನಾದೇಜ್ ಹೇಳಲೇಬೇಕಾಯಿತು. ಯುಗೆಟ್ ಕೂಗಾಡುತ್ತಾಳೆ ಎಂದುಕೊಂಡಿದ್ದಳು, ಹಾಗಾಗಲಿಲ್ಲ. ಮುದುಕಿ ಕುರ್ಚಿ ಎಳೆದು ಕೂತು, ಮೇಜಿನ ಮೇಲಿದ್ದ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಂದೆಡೆ ಗುಡ್ಡೆ ಮಾಡಿದಳು.

"ನಾನೂ ಬರ್ತೀನಿ."

"ನಿನಗೇನು ತಲೆ ಕೆಟ್ಟಿದೆಯಾ?"

"ಎಂಟು ಸೀಟಿನ ಗಾಡಿ, ಬರೋರು ಮೂರು ಜನ. ನಾನೇನು ಅವರ ತೊಡೆ ಮೇಲೆ ಕೂರ್ತೀನಾ?"

"ಅಮ್ಮ, ಆ ಹೆಂಗಸು ಖಡಾಖಂಡಿತವಾಗಿ ಬರೆದಿದಾಳೆ. ಆ ಮಾತೇ ಎತ್ತಬಾರದಂತೆ."

"ನನಗೆಲ್ಲಿ ಬರುತ್ತೆ ಇಂಗ್ಲಿಷು, ಮಾತೆತ್ತೋಕೆ? ಮುಖ ನೋಡ್ತೀನಿ ಅಷ್ಟೆ. ಎಪ್ಪತ್ತು ವರ್ಷ ವಿಮಾನದ ಹೊಟ್ಟೆ ನೋಡ್ಕೊಂಡು ಬದುಕಿದೀನಿ. ಒಳಗಿದ್ದವನ ಮುಖ ಒಂದ್ಸಲ ನೋಡ್ಬೇಕು."

ಜೊತೆಗೆ ತನ್ನ ತಾಯಿಯೂ ಇರುತ್ತಾಳೆ, ನಿಮ್ಮ ಅಭ್ಯಂತರವಿಲ್ಲ ತಾನೆ ಎಂದು ನಾದೇಜ್ ಬರೆದಳು. ಕಾರಣ ಬರೆಯಲಿಲ್ಲ. ಪಮೇಲಾಳಿಂದ ಅರ್ಧ ಗಂಟೆಯಲ್ಲೇ ಉತ್ತರ ಬಂತು: 'ಎಷ್ಟು ಚೆನ್ನಾಗಿರುತ್ತದೆ! ಅಪ್ಪನಿಗೂ ಅವರ ಕಾಲದವರೊಬ್ಬರು ಜೊತೆಯಾದಂತಾಯಿತು.'

ಒಂಬತ್ತನೇ ತಾರೀಖು ಬೆಳಿಗ್ಗೆ ಬಂದರಿನ ಬೇಲಿಯ ಹೊರಗೆ ನಾದೇಜ್ ಗಿರಾಕಿಗಳ ಹೆಸರು ಬರೆದ ಫಲಕ ಹಿಡಿದು ನಿಂತಳು. ಪಕ್ಕದ ವ್ಯಾನಿಗೆ ಒರಗಿದ್ದ ಜೋಯೆಲ್, ಮುಂದಿನ ಸೀಟಿನಲ್ಲಿ ನೀಲಿ ಕೋಟು ತೊಟ್ಟು ಕೂತ ಯುಗೆಟ್‌ಳನ್ನು ನೋಡಿ, "ಏನಜ್ಜಿ, ಕಂಡಕ್ಟರ್ ಕೆಲಸ ಸಿಕ್ತಾ?" ಎಂದು ಕೂಗಿದ. ಯುಗೆಟ್ ಅವನತ್ತ ತಿರುಗಲಿಲ್ಲ. ಅವಳ ಕಣ್ಣು ಹಡಗಿನಿಂದ ಇಳಿದು ಬರುವ ಗಾಲಿಕುರ್ಚಿಗಳ ಮೇಲಿತ್ತು.

ಥಾರ್ಲಿ ಮುದುಕ ಸಣ್ಣ ಆಳು. ದೊಡ್ಡ ಕಿವಿಗಳು, ಎದೆಯ ಮೇಲೆ ಪದಕಗಳ ಸಾಲು, ಮಂಡಿಯ ಮೇಲೆ ಚೌಕಳಿ ಕಂಬಳಿ. ಪಮೇಲಾ ಕುರ್ಚಿ ತಳ್ಳುತ್ತಿದ್ದಳು. ಅವಳ ಗಂಡ ಗಾರ್ಡನ್ ಕ್ಯಾಮೆರಾ ಹಿಡಿದು ಹಿಂದೆ ಬರುತ್ತಿದ್ದ. ಹಲಗೆ ಇಳಿಸಿ, ಕುರ್ಚಿ ಹತ್ತಿಸಿ, ಪಟ್ಟಿ ಬಿಗಿಯುವಾಗ ಮುದುಕ ಮುಂದಿನ ಸೀಟಿಗೆ ಕೈಚಾಚಿ ಒಂದು ಪುದೀನ ಪೆಪ್ಪರಮೆಂಟು ಕೊಟ್ಟ. ಯುಗೆಟ್ ಅದನ್ನು ತೆಗೆದುಕೊಂಡು, ಅವನ ಮುಖವನ್ನು ಒಂದು ನಿಮಿಷ ನೋಡಿ, ಪೆಪ್ಪರಮೆಂಟನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ದಾರಿಯುದ್ದಕ್ಕೂ ಪಮೇಲಾಳದೇ ಮಾತು. ಹಡಗಿನ ಊಟ, ತಂದೆಯ ಮಾತ್ರೆಗಳು, ಸೆನ್ ನದಿಯ ಮೇಲಿನ ಸೇತುವೆಯ ಎತ್ತರ. ಮುದುಕ ಕಿಟಕಿಯಾಚೆ ನೋಡುತ್ತಿದ್ದ. ಯುಗೆಟ್ ತಲೆಯ ಮೇಲಿನ ಸಣ್ಣ ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದಳು. ಬಾಯೋ ತಲುಪುವವರೆಗೂ ನೋಡಿದಳು.

ಸಮಾಧಿಗಳ ನಡುವೆ ಹುಲ್ಲು ಒದ್ದೆಯಾಗಿತ್ತು, ಗಾಲಿ ಹೂತುಕೊಳ್ಳುತ್ತಿತ್ತು. ಥಾರ್ಲಿಗೆ ಬೇಕಿದ್ದದ್ದು ಒಂದೇ ಕಲ್ಲು. ಅವನ ವಿಮಾನದಲ್ಲೇ ಮೊದಲು ಕೆಲಸ ಮಾಡಿ, ಆಮೇಲೆ ಬೇರೆ ವಿಮಾನದೊಡನೆ ಉರುಳಿಬಿದ್ದ ಗೆಳೆಯನದು. ಆ ಕಲ್ಲಿನ ಮುಂದೆ ಮುದುಕ ಟೋಪಿ ತೆಗೆದು ಬಹಳ ಹೊತ್ತು ಕೂತ. ಯುಗೆಟ್ ನಾಲ್ಕು ಹೆಜ್ಜೆ ದೂರದಲ್ಲಿ ಕೈಚೀಲ ಹಿಡಿದು ನಿಂತಿದ್ದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

"ಒಂದು ಫೋಟೋ ತೆಗೀಬಹುದಾ?" ಎಂದಳು ಪಮೇಲಾ. "ನಿಮ್ಮಮ್ಮ ಯುದ್ಧ ಕಂಡವರಲ್ವಾ? ಅಪ್ಪನ ಕೈ ಹಿಡ್ಕೊಂಡು ನಿಂತ್ರೆ ಎಷ್ಟು ಚಂದ ಇರುತ್ತೆ. ನೀವೇ ಕೇಳಿ, ಪ್ಲೀಸ್."

ನಾದೇಜ್ ತಾಯಿಯ ಕಡೆ ತಿರುಗಿ ಹಿಂಜರಿಯುತ್ತ ಹೇಳಿದಳು. ಬೇಡ ಎನ್ನಲಿ ಎಂದೇ ಅವಳ ಆಸೆ. ಯುಗೆಟ್ ಕೈಚೀಲವನ್ನು ಹುಲ್ಲಿನ ಮೇಲಿಟ್ಟು, ಕುರ್ಚಿಯ ಪಕ್ಕಕ್ಕೆ ಹೋಗಿ, ಮುದುಕನ ಕೈಯನ್ನು ತಾನಾಗಿಯೇ ಎತ್ತಿಕೊಂಡಳು. ಗಾರ್ಡನ್ ಒಂದರ ಮೇಲೊಂದು ಫೋಟೋ ತೆಗೆಯಲು ಶುರು ಮಾಡಿದ.

ಆಗ ಯುಗೆಟ್ ಮಾತಾಡಿದಳು. ದನಿ ಏರಿಸಲಿಲ್ಲ, ಅಳಲಿಲ್ಲ.

"ಇವನಿಗೆ ಹೇಳು, ನನಗೊಬ್ಬ ತಮ್ಮ ಇದ್ದ. ಎರಡು ವರ್ಷ. ನೆಲಮಾಳಿಗೆಯಲ್ಲಿ ನಮ್ಮಮ್ಮನ ಜೊತೆ ಇದ್ದ. ಹೆಸರು ರೆಮಿ. ಕ್ಷಮೆಗಿಮೆ ಏನೂ ಬೇಡ. ಇವನು ಒಂದ್ಸಲ ಆ ಹೆಸರು ಬಾಯಿಬಿಟ್ಟು ಹೇಳಲಿ, ಸಾಕು."

"ಏನಂದ್ರು?" ಎಂದಳು ಪಮೇಲಾ, ಕಣ್ಣು ಆಗಲೇ ತುಂಬಿಕೊಂಡು.

ನಾದೇಜ್ ಬಾಯಿ ತೆರೆದಳು. ಕ್ಯಾಮೆರಾ ಅವಳತ್ತ ತಿರುಗಿತ್ತು. ಮುದುಕ ಯುಗೆಟ್‌ಳ ಮುಖವನ್ನೇ ನೋಡುತ್ತಿದ್ದ. ಹನ್ನೊಂದನೆಯ ಮೇಲ್ ನೆನಪಾಯಿತು; ಹದಿನಾಲ್ಕು ವರ್ಷ ಎಲ್ಲರ ಮಾತನ್ನೂ ನಯ ಮಾಡಿ ದಾಟಿಸಿದ ಅಭ್ಯಾಸ ನಾಲಿಗೆಯ ತುದಿಯಲ್ಲಿತ್ತು.

"ಥ್ಯಾಂಕ್ ಯೂ ಅಂತಿದಾರೆ," ಎಂದಳು. "ನಮ್ಮನ್ನ ಬಿಡಿಸಿದ್ದಕ್ಕೆ."

ಪಮೇಲಾ ಬಿಕ್ಕಿದಳು. ಗಾರ್ಡನ್ ಹೆಬ್ಬೆರಳು ಎತ್ತಿದ. ಯುಗೆಟ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಿಜ. ಆದರೆ ಮದುವೆಗೆ ಮುಂಚೆ ಆರು ವರ್ಷ ಬಂದರಿನ ಬೇಕರಿಯಲ್ಲಿ ನಾವಿಕರಿಗೆ ಬ್ರೆಡ್ಡು ಮಾರಿದವಳಿಗೆ ಆ ಎರಡು ಪದ ಯಾರೂ ಕಲಿಸಬೇಕಿರಲಿಲ್ಲ. ಅವಳು ಮಗಳನ್ನು ನೋಡಿದಳು. ಮುದುಕನ ಕೈಯನ್ನು ಮೆಲ್ಲಗೆ ಅವನ ಕಂಬಳಿಯ ಮೇಲಿಟ್ಟು, ಚೀಲ ಎತ್ತಿಕೊಂಡು, ಸಾಲುಗಳ ನಡುವೆ ವ್ಯಾನಿನ ಕಡೆ ನಡೆದುಬಿಟ್ಟಳು.

ವಾಪಸು ಬರುವಾಗ ಪಮೇಲಾ ಕೂಡ ಹೆಚ್ಚು ಮಾತಾಡಲಿಲ್ಲ. ದಿನ ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಮುಗಿದ ಸಂತೃಪ್ತಿ ಅವಳಿಗೆ. ಬಂದರು ತಲುಪಿದಾಗ ಆರಕ್ಕೆ ಹತ್ತು ನಿಮಿಷ. ಗಂಡಹೆಂಡತಿ ಬೇಲಿಯ ಪಕ್ಕದ ಅಂಗಡಿಗೆ ಸೇಬಿನ ಮದ್ಯದ ಬಾಟಲಿ ಕೊಳ್ಳಲು ಹೋದರು. ಯುಗೆಟ್ ಇಳಿಯಲಿಲ್ಲ. ನಾದೇಜ್ ಕುರ್ಚಿಯನ್ನು ಗೇಟಿನವರೆಗೆ ತಳ್ಳಿದಳು.

"ನಿಮ್ಮಮ್ಮ ಥ್ಯಾಂಕ್ಸ್ ಹೇಳಲಿಲ್ಲ, ಅಲ್ವೇನಮ್ಮ?" ಎಂದ ಮುದುಕ ಇದ್ದಕ್ಕಿದ್ದಂತೆ.

ನಾದೇಜ್ ಕುರ್ಚಿಯನ್ನು ನಿಲ್ಲಿಸಿ ಅವನ ಮುಂದೆ ಬಂದಳು.

"ಎಪ್ಪತ್ತು ವರ್ಷದಿಂದ ಥ್ಯಾಂಕ್ಸ್ ಹೇಳೋರ ಮುಖ ನೋಡ್ಕೊಂಡು ಬಂದಿದೀನಿ. ಆ ಮುಖ ಹಾಗಿರಲ್ಲ. ಏನಂದ್ರು ಹೇಳು."

ಅವಳು ಹೇಳಿದಳು. ಒಂದು ಪದವನ್ನೂ ಬಿಡಲಿಲ್ಲ. ಮುದುಕ ಕಣ್ಣು ಮುಚ್ಚಿ ಕೇಳಿದ.

"ರೆಮಿ," ಎಂದ. ಆಮೇಲೆ, "ಸರಿಯಾಗಿ ಅಂದ್ನಾ?" ಎಂದು ಕೇಳಿ ಇನ್ನೊಮ್ಮೆ, ನಿಧಾನವಾಗಿ, "ರೆಮಿ" ಎಂದ. "ನನ್ನನ್ನ ಗಾಡಿ ಹತ್ರ ಕರ್ಕೊಂಡು ಹೋಗು. ಅವರೆದುರಿಗೆ ಹೇಳ್ಬೇಕು. ಯಾರಾದ್ರೂ ಹೀಗೆ ಕೇಳ್ತಾರೆ ಅಂತಾನೇ ಅಲ್ವಾ ನಾನು ಈ ಊರಿಗೆ ಬರೋ ಹಡಗು ಹುಡುಕಿಸಿದ್ದು."

ನಾದೇಜ್ ಕುರ್ಚಿ ತಿರುಗಿಸಿದಳು. ಹತ್ತು ಹೆಜ್ಜೆಯೂ ಹೋಗಿರಲಿಲ್ಲ, ಪಮೇಲಾ ಬಾಟಲಿಯ ಚೀಲ ಹಿಡಿದು ಓಡಿಬಂದಳು.

"ಎಲ್ಲಿಗಪ್ಪಾ? ಹಡಗು ಆ ಕಡೆ!"

"ಐದು ನಿಮಿಷ, ಪ್ಯಾಮ್. ಆ ಹೆಂಗಸಿನ ಹತ್ರ ಒಂದು ಮಾತು." ಅವನ ಕೆನ್ನೆ ತೋಯ್ದಿತ್ತು.

ಪಮೇಲಾ ತಂದೆಯ ಮುಖ ನೋಡಿದಳು, ನಾದೇಜ್‌ಳನ್ನು ನೋಡಿದಳು. "ನಾನು ಬರೆದಿದ್ದೆ ಅಲ್ವಾ?" ಎಂದಳು. "ಇಡೀ ಪ್ರವಾಸದಲ್ಲಿ ನಿಮ್ಮನ್ನ ಕೇಳಿಕೊಂಡಿದ್ದು ಅದೊಂದೇ." ಕುರ್ಚಿಯ ಹಿಡಿಯನ್ನು ಕಿತ್ತುಕೊಂಡು ತಿರುಗಿಸಿದಳು. ಮುದುಕ ಒಂದು ಕೈಯಿಂದ ಗಾಲಿಯನ್ನು ಹಿಡಿಯಲು ನೋಡಿದ; ಗಾರ್ಡನ್ ಬಾಗಿ ಆ ಕೈಯನ್ನು ಎತ್ತಿ ಕಂಬಳಿಯೊಳಗೆ ಸೇರಿಸಿದ. ಹಡಗಿನ ಚೀಟಿ ಇಲ್ಲದವರನ್ನು ಗೇಟಿನಾಚೆ ಬಿಡುವುದಿಲ್ಲ. ನಾದೇಜ್ ಈಚೆಯೇ ಉಳಿದಳು.

ವ್ಯಾನಿಗೆ ಬಂದವಳು ಬಾಗಿಲು ಹಾಕಿಕೊಂಡು ಒಂದೇ ಉಸಿರಿಗೆ ಹೇಳಿದಳು: "ಅಮ್ಮ, ಹೇಳಿದ. ರೆಮಿ ಅಂತ ಹೇಳಿದ, ಎರಡು ಸಲ. ನಿನ್ನ ಹತ್ರ ಬರ್ತೀನಿ ಅಂದ, ಮಗಳು ಬಿಡಲಿಲ್ಲ."

ಯುಗೆಟ್ ಮುಂದಿನ ಗಾಜಿನಾಚೆ ನೋಡುತ್ತಿದ್ದಳು. "ಅವನು ಹೇಳಿದ ಅಂತ ನೀನು ಹೇಳ್ತಿದೀಯ."

"ದೇವರಾಣೆ ಅಮ್ಮ."

"ನಾನು ಹೇಳಿದ್ದನ್ನೂ ಅಲ್ಲಿ ನೀನೇ ಹೇಳಿದ್ದು." ಕೋಟಿನ ಗುಂಡಿ ಹಾಕಿಕೊಂಡು, "ಗಾಡಿ ತೆಗಿ. ನನಗೆ ಚಳಿ ಆಗ್ತಿದೆ," ಎಂದಳು.

ವಾರದೊಳಗೆ ಪಮೇಲಾ ಆ ಫೋಟೋವನ್ನು ಪ್ರವಾಸಿಗರ ಜಾಲತಾಣದಲ್ಲಿ ಹಾಕಿದಳು. ಗೇಟಿನ ಬಳಿ ನಡೆದದ್ದರ ಸುದ್ದಿಯೇ ಇಲ್ಲ. 'ಅಪ್ಪನ ಕೈ ಹಿಡಿದು ಕೃತಜ್ಞತೆ ಹೇಳಿದ ಫ್ರೆಂಚ್ ಅಜ್ಜಿ' ಎಂದು ಅಡಿಬರಹ. ಜುಲೈ ಮುಗಿಯುವುದರೊಳಗೆ ಆ ಅಜ್ಜಿಯೂ ವ್ಯಾನಿನಲ್ಲಿರುತ್ತಾರೆಯೇ, ನಮ್ಮ ತಾತನ ಜೊತೆಗೂ ಫೋಟೋಕ್ಕೆ ನಿಲ್ಲುತ್ತಾರೆಯೇ ಎಂದು ಮೂರು ಕುಟುಂಬಗಳು ನಾದೇಜ್‌ಗೆ ಬರೆದು ಕೇಳಿದವು. ಅವಳು ಇಲ್ಲವೆಂದು ಬರೆದಳು. ಥಾರ್ಲಿಗೆ ಒಂದು ಕಾಗದವನ್ನೂ ಬರೆದಳು: ತಾಯಿಗೆ ಎರಡು ಸಾಲು ನಿಮ್ಮ ಕೈಯಿಂದಲೇ ಬರೆಯಿರಿ, ಆ ಹೆಸರೊಂದಿದ್ದರೂ ಸಾಕು ಎಂದು. ಆಗಸ್ಟಿನಲ್ಲಿ ಉತ್ತರ ಬಂದದ್ದು ಪಮೇಲಾಳಿಂದ. ತಂದೆ ಹಿಂದಿನ ತಿಂಗಳು ತೀರಿಕೊಂಡರು, ಕೊನೆಯ ವಾರಗಳಲ್ಲಿ ಅವರಿಗೆ ನೆಮ್ಮದಿ ಇರಲಿಲ್ಲ, ಅದಕ್ಕೆ ಕಾರಣ ಯಾರೆಂದು ನಿಮಗೆ ಗೊತ್ತಿದೆ, ಇನ್ನು ಬರೆಯಬೇಡಿ.

ಯುಗೆಟ್ ಮಗಳ ಜೊತೆ ಮಾತು ಬಿಡಲಿಲ್ಲ. ಸೂಪು, ಮಾತ್ರೆ, ಒಗೆಯುವ ಬಟ್ಟೆ, ಎಲ್ಲದರ ಬಗ್ಗೆಯೂ ಆಡುತ್ತಿದ್ದಳು. ಬಾಂಬು ಬಿದ್ದ ದಿನವಾದ ಸೆಪ್ಟೆಂಬರ್ ಐದರಂದು ಮಾತ್ರ ಮಗಳು ಗಿರಾಕಿಗಳನ್ನು ಇಳಿಸಿ ಬರುವವರೆಗೆ ಕಾಯದೆ ಒಬ್ಬಳೇ ಟ್ರಾಮು ಹತ್ತಿ ಊರಿನ ಸ್ಮಾರಕಕ್ಕೆ ಹೋದಳು. ನಾದೇಜ್ ಓಡೋಡಿ ಬಂದಾಗ ಹೆಸರು ಓದುವುದು ಶುರುವಾಗಿತ್ತು. ಒಂದೊಂದು ಮನೆಯವರು ಮುಂದೆ ಬಂದು ತಮ್ಮ ಸತ್ತವರ ಹೆಸರು ಓದುತ್ತಾರೆ. ಯುಗೆಟ್‌ಗೆ ಕಣ್ಣು ಮಂಜಾದ ಮೇಲೆ ಒಂಬತ್ತು ವರ್ಷದಿಂದ ಜೆರ್ಮೇನ್, ರೆಮಿ ಎಂದು ಬರೆದ ಅವಳ ಚೀಟಿಯನ್ನು ಓದುತ್ತಿದ್ದವಳು ನಾದೇಜ್. ಜನರನ್ನು ಸರಿಸಿಕೊಂಡು ಅವಳು ತಾಯಿಯ ಪಕ್ಕ ಬಂದು ಕೈ ಚಾಚಿದಳು. ಯುಗೆಟ್ ಆ ಕೈಯನ್ನು ನೋಡಿ, ಇನ್ನೊಂದು ಬದಿಗೆ ತಿರುಗಿ, ಅಲ್ಲಿ ನಿಂತಿದ್ದ ಗುರುತು ಪರಿಚಯವಿಲ್ಲದ ಹೆಂಗಸಿಗೆ ಚೀಟಿ ಕೊಟ್ಟಳು.

"ನನಗೆ ಕಾಣಲ್ಲ ತಾಯಿ," ಎಂದಳು. "ಇದರಲ್ಲಿ ಹೇಗಿದೆಯೋ ಹಾಗೇ ಓದಿಬಿಡಿ."